ಸರ್ಪಸುತ್ತಿನ ಉರಿ: ಪ್ರಯೋಗಾಲಯದಿಂದ ನಮ್ಮೂರಿನ ತನಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಶಾಲೆಯಿಂದ ಫೋನ್ ಬಂದಾಗ, ಕಂಪ್ಯೂಟರ್ ಬಗ್ಗೆಯೇ ಕೇಳುತ್ತಾರೆ ಎಂದುಕೊಂಡಿದ್ದೆ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆದರೆ ಅವರು ವಿಷಯ ನಿನ್ನಿಷ್ಟ ಎಂದರು. ಹಾಗಾದರೆ ಇಪ್ಪತ್ತು ವರ್ಷದಿಂದ ಈ ಶಾಲೆಗೆ ನಾನು ಬಾಕಿ ಉಳಿಸಿಕೊಂಡಿರುವ ಒಂದು ಉತ್ತರವನ್ನು ಇಲ್ಲಿ ಬರೆದು ಒಪ್ಪಿಸುತ್ತೇನೆ. ನಾನು ವೈದ್ಯನಲ್ಲ. ಓದಿ, ಕೇಳಿ ತಿಳಿದದ್ದನ್ನಷ್ಟೇ ಬರೆದಿದ್ದೇನೆ. ಲೇಖನದಲ್ಲಿ ಕೆಲವು ಔಷಧಗಳ ಹೆಸರು ಬರುತ್ತವೆ. ದಯವಿಟ್ಟು ಈ ಪುಟವನ್ನೇ ಚೀಟಿ ಮಾಡಿಕೊಂಡು ಮೆಡಿಕಲ್ ಸ್ಟೋರಿಗೆ ಹೋಗಬೇಡಿ.

2004ರ ಮಾತು. ನಾನು ಆಗ ಹತ್ತನೇ ತರಗತಿ. ನಮ್ಮ ಅಜ್ಜಿಗೆ ಎಡಗಡೆ ಎದೆಯಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದಂತೆ ಬೊಕ್ಕೆ ಎದ್ದವು. ಸರ್ಪಸುತ್ತು ಎಂದು ನೋಡಿದವರೆಲ್ಲ ಹೇಳಿದರು. ಹಿರಿಯರೊಬ್ಬರು ಬಂದು ಕೆಮ್ಮಣ್ಣು ಕಲಸಿ ಹಚ್ಚಿದರು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂದು ಮನೆಯಲ್ಲಿ ಎಲ್ಲರಿಗೂ ಭಯ. ದಿನಕ್ಕೆರಡು ಸಲ ಅಮ್ಮ ಅಜ್ಜಿಯ ಬೆನ್ನು ನೋಡಿ, ಎಷ್ಟು ಬಂದಿದೆ ಎಂದು ಅಳೆಯುತ್ತಿದ್ದಳು. ಮೂರು ನಾಲ್ಕು ವಾರದಲ್ಲಿ ಬೊಕ್ಕೆಗಳು ಒಣಗಿ ಹಕ್ಕಳೆ ಉದುರಿತು. ತಲೆ ಬಾಲ ಕೂಡಲಿಲ್ಲ. ಮನೆದೇವರಿಗೆ ಹಣ್ಣುಕಾಯಿ ಮಾಡಿಸಿದೆವು.

ಆದರೆ ಅಜ್ಜಿಯ ಉರಿ ಹೋಗಲಿಲ್ಲ. ಗಾಯ ಮಾಸಿದ ಜಾಗಕ್ಕೆ ಸೆರಗು ತಾಗಿದರೆ ಸಾಕು, ಕೆಂಡ ಇಟ್ಟಂತೆ ಎನ್ನುತ್ತಿದ್ದಳು. ರಾತ್ರಿ ಒದ್ದೆ ಬಟ್ಟೆಯನ್ನು ಪಕ್ಕೆಗೆ ಹಾಕಿಕೊಂಡು, ಗೋಡೆಗೆ ಒರಗಿ ಕೂತೇ ನಿದ್ದೆ. ಬಟ್ಟೆ ಒಣಗಿದರೆ ಎದ್ದು ಮತ್ತೆ ಅದ್ದಿ ಹಿಂಡಿಕೊಳ್ಳುತ್ತಿದ್ದಳು. ಆ ಚೊಂಬಿನ ನೀರಿನ ಸದ್ದು ನನಗೆ ಈಗಲೂ ಕೇಳುತ್ತದೆ. ಒಂದೆರಡು ತಿಂಗಳು ಎಲ್ಲರೂ ಅಯ್ಯೋ ಎಂದರು. ಆಮೇಲೆ ಬೇಸರ ಬಂತು. "ವಾಸಿಯಾಗಿದೆಯಲ್ಲ, ಇನ್ನೇನು? ಎಲ್ಲ ಮನಸ್ಸಿನದು" ಎಂದು ಮಾತು ಶುರುವಾಯಿತು.

ಆ ಮಾತಿಗೆ ನಾನೂ ದನಿಗೂಡಿಸಿದೆ. ಆಗಷ್ಟೇ ತರಗತಿಯಲ್ಲಿ ನರಮಂಡಲದ ಪಾಠ ಆಗಿತ್ತು. ಬೆರಳು ಬಿಸಿ ಪಾತ್ರೆಗೆ ತಾಗುತ್ತದೆ, ಸಂದೇಶ ನರದ ಮೂಲಕ ಮೆದುಳುಬಳ್ಳಿಗೆ ಹೋಗುತ್ತದೆ, ಅಲ್ಲಿಂದ ಮೆದುಳಿಗೆ. ಚಿತ್ರಕ್ಕೆ ನಾಲ್ಕು ಅಂಕ. ಅದನ್ನೇ ಅಜ್ಜಿಗೆ ವಿವರಿಸಿ, "ಗಾಯವೇ ಇಲ್ಲ ಅಂದ್ಮೇಲೆ ನೋವು ಎಲ್ಲಿಂದ ಬರುತ್ತೆ ಅಜ್ಜಿ? ಸುಮ್ಮನೆ ಅನ್ಕೋತೀಯ" ಎಂದೆ. ಅಜ್ಜಿ ನನ್ನ ಮುಖ ನೋಡಿ, "ಓದಿದ ಮಗ ಹೇಳ್ತಾನೆ, ಇರಬೋದು" ಎಂದಳು. ಅಷ್ಟೇ. ಆ ದಿನದ ನಂತರ ನನ್ನ ಎದುರಿಗೆ ಅವಳು ಉರಿ ಎಂದು ಹೇಳಲೇ ಇಲ್ಲ. ಆರು ವರ್ಷ, ಕೊನೆಯವರೆಗೆ.

ಗೆದ್ದ ಹುಮ್ಮಸ್ಸಿನಲ್ಲಿ ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೂ ಹೇಳಿದ್ದೆ. ಅವರು ಹೊಗಳುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಸುಳ್ಳು ಹೇಳುವವರೇನೋ?" ಎಂದರು. ಇಲ್ಲ ಸಾರ್ ಎಂದೆ. "ಹಾಗಾದರೆ ಪುಸ್ತಕದಲ್ಲಿ ಎಲ್ಲವೂ ಬರೆದಿಲ್ಲ ಅಂತ ಆಯಿತು. ನನಗೂ ಗೊತ್ತಿಲ್ಲ. ಮುಂದೆ ಓದಿ ತಿಳಿದುಕೊಂಡರೆ ಬಂದು ಹೇಳು" ಎಂದರು. ನಾನು ಹೇಳಬೇಕಾದದ್ದು ಇದು.

ಗಾಯ ಮಾಸಿದ ಮೇಲೂ ಉರಿಯುವ ನೋವನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟವರಲ್ಲಿ ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ ಪ್ರಮುಖರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರಿಗೆಂದೇ ಫಿಲಡೆಲ್ಫಿಯಾದಲ್ಲಿ ಒಂದು ಆಸ್ಪತ್ರೆಯನ್ನು ಮೀಸಲಿಟ್ಟಿದ್ದರು. ಮಿಚೆಲ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅಲ್ಲಿ ಕಂಡದ್ದನ್ನು 1864ರಲ್ಲಿ ಪುಸ್ತಕವಾಗಿ ತಂದರು. ಗುಂಡಿನ ಗಾಯ ಪೂರ್ತಿ ಕೂಡಿಕೊಂಡಿದೆ, ಆದರೆ ಅಂಗೈ ಅಂಗಾಲು ಬೆಂಕಿಯಂತೆ ಉರಿಯುತ್ತದೆ. ಪಕ್ಕದಲ್ಲಿ ಯಾರಾದರೂ ನಡೆದರೆ, ಕಾಗದ ಸರಸರ ಎಂದರೆ ನೋವು ಹೆಚ್ಚುತ್ತದೆ. ಆ ಸೈನಿಕರು ಸದಾ ಒಂದು ನೀರಿನ ಸೀಸೆ ಇಟ್ಟುಕೊಂಡು ಕೈಯನ್ನು ಒದ್ದೆಯಾಗಿಡುತ್ತಿದ್ದರು. ಕೆಲವರು ಬೂಟಿನೊಳಕ್ಕೇ ನೀರು ಸುರಿದುಕೊಳ್ಳುತ್ತಿದ್ದರು.

ಇದನ್ನು ನಾನು ಮೊದಲು ಓದಿದ್ದು ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ. ಅಲ್ಲಿಂದ ಎದ್ದು ಹೊರಗೆ ಹೋದೆ. ನೂರ ನಲವತ್ತು ವರ್ಷದ ಹಿಂದೆ, ಸಮುದ್ರದಾಚೆ, ಗುಂಡು ತಿಂದ ಸಿಪಾಯಿ ಮಾಡಿದ್ದನ್ನೇ ಎಂದೂ ಅಕ್ಷರ ಕಲಿಯದ ನಮ್ಮಜ್ಜಿ ತಾನೇ ಕಂಡುಕೊಂಡು ಮಾಡಿದ್ದಳು. ಇದು ಮನಸ್ಸಿನ ಕಲ್ಪನೆಯಾಗಿದ್ದರೆ ಇಬ್ಬರ ಕೈಗೂ ಅದೇ ಒದ್ದೆ ಬಟ್ಟೆ ಹೇಗೆ ಬರುತ್ತಿತ್ತು?

ಮಿಚೆಲ್‌ಗೆ ನೋವು ನರದ್ದು ಎಂದು ಗೊತ್ತಿತ್ತು. ಆದರೆ ಸರ್ಪಸುತ್ತಿನಲ್ಲಿ ಗುಂಡೂ ಇಲ್ಲ, ಕತ್ತಿಯೂ ಇಲ್ಲ. ನರಕ್ಕೆ ಪೆಟ್ಟು ಎಲ್ಲಿ? ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟವರು ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಆಲ್ಫ್ರೆಡ್ ಕ್ಯಾಂಪ್‌ಬೆಲ್. ಸರ್ಪಸುತ್ತು ಆಗಿದ್ದು ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 21 ಜನರ ಬೆನ್ನುಹುರಿಯ ಭಾಗವನ್ನು ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚರ್ಮದಿಂದ ಬರುವ ಪ್ರತಿಯೊಂದು ನರವೂ ಬೆನ್ನುಹುರಿಯನ್ನು ಸೇರುವ ಮುನ್ನ ಕಾಳಿನಂಥ ಒಂದು ಪುಟ್ಟ ಗಂಟು ಇರುತ್ತದೆ. ಸ್ಪರ್ಶ, ಬಿಸಿ, ನೋವು ತಿಳಿಸುವ ನರಕೋಶಗಳ ಒಡಲು ಇರುವುದು ಅಲ್ಲೇ. ಬೊಕ್ಕೆ ಯಾವ ಪಟ್ಟಿಯಲ್ಲಿ ಎದ್ದಿತ್ತೋ ಆ ಪಟ್ಟಿಯ ಗಂಟಿನಲ್ಲಿ ಊತ, ರಕ್ತಸ್ರಾವ, ಸತ್ತ ಕೋಶಗಳು ಕಂಡವು. 1900ರಲ್ಲಿ ಇದು ಪ್ರಕಟವಾಯಿತು. ಯಾವ ಗಂಟಿಗೆ ಚರ್ಮದ ಯಾವ ಪಟ್ಟಿ ಸೇರಿದ್ದು ಎಂಬ ನಕ್ಷೆಯನ್ನೂ ಅವರು ಬರೆದರು. ಮೈಮೇಲಿನ ಬೊಕ್ಕೆಯೇ ಅವರಿಗೆ ಭೂಪಟದ ಗೆರೆ.

ಆ ನಕ್ಷೆಯಲ್ಲಿ ನಮ್ಮೂರಿನ ಒಂದು ಹಳೆಯ ಭಯಕ್ಕೂ ಉತ್ತರ ಇದೆ. ಎಡಗಡೆಯ ಗಂಟಿನ ನರ ಎಡಗಡೆಯ ಚರ್ಮಕ್ಕೆ ಮಾತ್ರ ಹೋಗುತ್ತದೆ. ಎದೆಯ ನಡುಗೆರೆ, ಬೆನ್ನಿನ ನಡುಗೆರೆ ಬಂದರೆ ಅದರ ಸರಹದ್ದು ಮುಗಿಯಿತು. ಹಾಗಾಗಿ ಹಾವು ಸಾಮಾನ್ಯವಾಗಿ ಅರ್ಧ ಸುತ್ತಿಗೇ ನಿಲ್ಲುತ್ತದೆ. ನಮ್ಮ ಅಮ್ಮ ದಿನಕ್ಕೆರಡು ಸಲ ಅಳೆಯಬೇಕಾಗಿರಲಿಲ್ಲ.

ಹೆಡ್ ಅಷ್ಟಕ್ಕೇ ಬಿಡಲಿಲ್ಲ. ರೋಗಿಗಳು ತಮಗೇನಾಗುತ್ತದೆ ಎಂದು ಸರಿಯಾಗಿ ಹೇಳಲು ಆಗುತ್ತಿಲ್ಲ ಅನ್ನಿಸಿ, 1903ರ ಏಪ್ರಿಲ್‌ನಲ್ಲಿ ತಮ್ಮ ಎಡಗೈಯ ಚರ್ಮದ ನರವನ್ನೇ ಶಸ್ತ್ರವೈದ್ಯರಿಂದ ಕತ್ತರಿಸಿ ಹೊಲಿಸಿಕೊಂಡರು. ಆಮೇಲೆ ನಾಲ್ಕು ವರ್ಷ ಬಿಡುವಾದಾಗಲೆಲ್ಲ ಲಂಡನ್ನಿನಿಂದ ಕೇಂಬ್ರಿಜ್‌ಗೆ ಹೋಗಿ ಕಣ್ಣು ಮುಚ್ಚಿ ಕೂರುವುದು, ಗೆಳೆಯ ಡಬ್ಲ್ಯು. ಎಚ್. ಆರ್. ರಿವರ್ಸ್ ಸೂಜಿ, ಹತ್ತಿ, ಬಿಸಿನೀರು, ತಣ್ಣೀರು ಇಟ್ಟು ಪರೀಕ್ಷೆ ಮಾಡುವುದು. ಈ ರಿವರ್ಸ್ ನಮಗೆ ತೀರ ದೂರದವರೇನಲ್ಲ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ನಮ್ಮ ಗಡಿಗೆ ತಾಗಿದ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರು ಇವರೇ. ಹೆಡ್ ಅವರ ಎಷ್ಟೋ ತೀರ್ಮಾನಗಳನ್ನು ನಂತರದವರು ಒಪ್ಪಲಿಲ್ಲ. ಆದರೆ ನೋವನ್ನು ತಿಳಿಯಬೇಕಾದರೆ ನೋಯುವವನ ಮಾತೇ ಸಾಕ್ಷಿ ಎಂದು ತನ್ನ ಕೈಯನ್ನೇ ಕೊಟ್ಟ ಮನುಷ್ಯ ಅವರು.

ಗಂಟಿನಲ್ಲಿ ಊತ ಎಂದಾಯಿತು. ಅದು ಯಾಕೆ ಬರುತ್ತದೆ? ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಇದನ್ನು ಬಿಡಿಸಿದ್ದು ದೊಡ್ಡ ಪ್ರಯೋಗಾಲಯವಲ್ಲ, ಒಬ್ಬ ಊರ ಡಾಕ್ಟರು. ಎಡ್ಗರ್ ಹೋಪ್-ಸಿಂಪ್ಸನ್ ಎಂಬವರು ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಜ್ವರ ಕೆಮ್ಮು ನೋಡಿಕೊಂಡಿದ್ದವರು. ಅವರ ಆರೈಕೆಯಲ್ಲಿ ಇದ್ದದ್ದು ಸುಮಾರು 3,500 ಜನ. ನಮ್ಮ ಶಾಲೆಗೆ ಮಕ್ಕಳು ಬರುವ ಹಳ್ಳಿಗಳನ್ನೆಲ್ಲ ಸೇರಿಸಿದರೆ ಅದಕ್ಕಿಂತ ಹೆಚ್ಚೇ ಆದೀತು. 1947ರಿಂದ 1962ರವರೆಗೆ, ಹದಿನಾರು ವರ್ಷ, ತಮ್ಮಲ್ಲಿಗೆ ಬಂದ ಪ್ರತಿಯೊಂದು ಸರ್ಪಸುತ್ತನ್ನೂ ಬರೆದಿಟ್ಟರು. ಒಟ್ಟು 192. ವಯಸ್ಸೆಷ್ಟು, ಮೈಯ ಯಾವ ಭಾಗ, ಹಿಂದೆ ಯಾವಾಗ ಸೀತಾಳೆ ಸಿಡುಬು ಆಗಿತ್ತು, ಮನೆಯಲ್ಲಿ ಮತ್ತೆ ಯಾರಿಗೆ ಬಂತು, ಎಲ್ಲ.

ನಾವು ಸೀತಾಳೆ ಸಿಡುಬು ಅಥವಾ ಅಮ್ಮ ಎನ್ನುವ ಚಿಕನ್‌ಪಾಕ್ಸ್‌ಗೂ ಸರ್ಪಸುತ್ತಿಗೂ ಏನೋ ನಂಟಿದೆ ಎಂಬುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಯೂರೋಪಿನ ವೈದ್ಯರಿಗೆ ಅನ್ನಿಸಿತ್ತು. ಅಜ್ಜನಿಗೆ ಸರ್ಪಸುತ್ತಾದರೆ ಮೊಮ್ಮಗುವಿಗೆ ಚಿಕನ್‌ಪಾಕ್ಸ್ ಬರುತ್ತಿತ್ತು. 1950ರ ದಶಕದಲ್ಲಿ ಬಾಸ್ಟನ್ನಿನ ಥಾಮಸ್ ವೆಲ್ಲರ್ ಎರಡೂ ಕಾಯಿಲೆಯ ಬೊಕ್ಕೆಗಳಿಂದ ವೈರಸ್ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಎರಡೂ ಒಂದೇ ಎಂದು ಕಂಡಿತು. ಹಾಗಾದರೆ ಒಂದೇ ವೈರಸ್ ಮಗುವಿಗೆ ಮೈತುಂಬ, ಮುದುಕರಿಗೆ ಒಂದು ಪಟ್ಟಿಯಲ್ಲಿ ಯಾಕೆ? ಹೊರಗಿನಿಂದ ಎರಡನೇ ಸಲ ಅಂಟುತ್ತದೆಯೇ? ಜನ ಹೆಚ್ಚು ಓಡಾಡದ ಕಡೆ ಇದನ್ನು ನೋಡಬೇಕೆಂದು ಹೋಪ್-ಸಿಂಪ್ಸನ್ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಯೆಲ್ ಎಂಬ ದ್ವೀಪಕ್ಕೂ ಹೋದರು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರಪಳಿಯಂತೆ ಹಬ್ಬುವುದು ಎಲ್ಲೂ ಕಾಣಲಿಲ್ಲ. ಊರಿನಲ್ಲಿ ಚಿಕನ್‌ಪಾಕ್ಸ್ ಇಲ್ಲದಾಗಲೂ ಬರುತ್ತದೆ. ವಯಸ್ಸಾದಂತೆ ಹೆಚ್ಚುತ್ತದೆ. 1965ರಲ್ಲಿ ಅವರು ಮುಂದಿಟ್ಟ ವಿಚಾರ ಇದು: ಚಿಕ್ಕಂದಿನಲ್ಲಿ ಬಂದ ವೈರಸ್ ಮೈಬಿಟ್ಟು ಹೋಗುವುದೇ ಇಲ್ಲ. ನರದ ದಾರಿ ಹಿಡಿದು ಆ ಗಂಟುಗಳಲ್ಲಿ ಅಡಗಿ ಮಲಗುತ್ತದೆ. ದೇಹದ ಕಾವಲು ಸಡಿಲವಾದಾಗ ಒಂದು ಗಂಟಿನಲ್ಲಿ ಎದ್ದು, ಅದೇ ನರದಲ್ಲಿ ಇಳಿದು ಚರ್ಮಕ್ಕೆ ಬರುತ್ತದೆ. ಮುಂದಿನ ಪ್ರಯೋಗಗಳು ಇದನ್ನು ಸರಿ ಎಂದವು.

ಒಂದು ರಿಜಿಸ್ಟರ್ ಪುಸ್ತಕ, ಒಂದು ಪೆನ್ನು, ಹದಿನಾರು ವರ್ಷ. ನಮ್ಮ ಶಾಲೆಯ ಮಕ್ಕಳಿಗೆ ಯಾರಾದರೂ ಈ ಕಥೆ ಹೇಳಬೇಕು ಎಂದು ನನಗೆ ಆಸೆ. ಸಂಶೋಧನೆ ಎಂದರೆ ಬಿಳಿ ಕೋಟು, ಬಣ್ಣದ ನೀರು ಎಂದೇ ನಾನು ಇಂಜಿನಿಯರಿಂಗ್ ಮುಗಿಸುವವರೆಗೂ ಅಂದುಕೊಂಡಿದ್ದೆ.

ಈಗ ಮೇಷ್ಟ್ರು ಕೇಳಿದ ನಿಜವಾದ ಪ್ರಶ್ನೆ: ವೈರಸ್ ಅಡಗಿ, ಗಾಯ ಒಣಗಿದ ಮೇಲೆ ಉರಿ ಯಾಕೆ ಉಳಿಯುತ್ತದೆ?

ನಮ್ಮ ಪಠ್ಯದಲ್ಲಿದ್ದ ಆ ಚಿತ್ರದ ಮೂಲ ಬಹಳ ಹಳೆಯದು. ಫ್ರಾನ್ಸಿನ ತತ್ವಜ್ಞಾನಿ ಡೇಕಾರ್ಟ್‌ನ ಪುಸ್ತಕದಲ್ಲಿ, ಅವನು ಸತ್ತ ಮೇಲೆ 1664ರಲ್ಲಿ ಬಂದದ್ದರಲ್ಲಿ, ಬೆಂಕಿಯ ಹತ್ತಿರ ಕಾಲಿಟ್ಟ ಹುಡುಗನ ಚಿತ್ರವಿದೆ. ಕಾಲಿನಿಂದ ತಲೆಗೆ ಒಂದು ದಾರ. ದಾರ ಜಗ್ಗಿದರೆ ತಲೆಯೊಳಗೆ ಗಂಟೆ ಹೊಡೆದಂತೆ. ಈ ಲೆಕ್ಕದಲ್ಲಿ ಬೆಂಕಿ ಇಲ್ಲದೆ ಗಂಟೆ ಹೊಡೆಯಲಾರದು. ಹದಿನೈದು ವರ್ಷದ ನಾನು ಅಜ್ಜಿಗೆ ಹೇಳಿದ್ದೂ ಮುನ್ನೂರ ನಲವತ್ತು ವರ್ಷ ಹಳೆಯ ಇದೇ ವಿಜ್ಞಾನ. 1965ರಲ್ಲಿಯೇ, ಹೋಪ್-ಸಿಂಪ್ಸನ್ ಬರೆದ ವರ್ಷವೇ, ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ದಾರದ ಲೆಕ್ಕವನ್ನು ಮುರಿದಿದ್ದರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಡಿದೆ, ನೋವಿನ ಸಂದೇಶ ಎಷ್ಟು ಮೇಲೆ ಹೋಗಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ ಎಂದರು. ಮೊಣಕಾಲು ಬಡಿದುಕೊಂಡಾಗ ನಾವು ಉಜ್ಜಿಕೊಳ್ಳುತ್ತೇವಲ್ಲ, ಆ ಉಜ್ಜಿದ ಸ್ಪರ್ಶ ಬಾಗಿಲನ್ನು ಒಂದಿಷ್ಟು ಮುಚ್ಚುತ್ತದೆ ಎಂಬ ವಿವರಣೆ. ಅವರ ನಕ್ಷೆಯ ಎಲ್ಲ ವಿವರವೂ ನಿಲ್ಲಲಿಲ್ಲ. ಆದರೆ ಎರಡೇ ವರ್ಷದಲ್ಲಿ ಅದು ರೋಗಿಯ ಹತ್ತಿರ ಬಂತು. ವಾಲ್ ಮತ್ತು ಶಸ್ತ್ರವೈದ್ಯ ವಿಲಿಯಂ ಸ್ವೀಟ್ ಮೊದಲು ತಮ್ಮ ಮುಖದ ನರಕ್ಕೇ ಸೂಜಿ ಚುಚ್ಚಿ ಸಣ್ಣ ಕರೆಂಟು ಕೊಟ್ಟುಕೊಂಡು ನೋಡಿ, ಆಮೇಲೆ ಎಂಟು ರೋಗಿಗಳಿಗೆ ಕೊಟ್ಟು 1967ರಲ್ಲಿ ಬರೆದರು. ಈಗ ತಾಲ್ಲೂಕು ಮಟ್ಟದ ಫಿಸಿಯೋಥೆರಪಿ ಸೆಂಟರುಗಳಲ್ಲಿ ಸೊಂಟಕ್ಕೆ ಅಂಟಿಸಿ ಜುಂ ಎನ್ನಿಸುತ್ತಾರಲ್ಲ, ಟೆನ್ಸ್ ಯಂತ್ರ, ಅದರ ವಂಶ ಇಲ್ಲಿಂದಲೇ.

ಆಮೇಲಿನ ಕೆಲಸ ಬಹುಪಾಲು ಇಲಿಗಳ ಮೇಲೆ ನಡೆಯಿತು. ಪೆಟ್ಟಾದ ನರದ ತುದಿ ಯಾರೂ ಮುಟ್ಟದಿದ್ದರೂ ತಾನಾಗಿಯೇ ಸಂದೇಶ ಕಳಿಸುತ್ತಿರುತ್ತದೆ ಎಂದು 1974ರಲ್ಲಿ ವಾಲ್ ಮತ್ತು ಗುಟ್ನಿಕ್ ತೋರಿಸಿದರು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ತೋರಿಸಿದ್ದು ಇನ್ನೂ ಮುಖ್ಯ: ಕೆಳಗಿನಿಂದ ನೋವಿನ ಸಂದೇಶ ಒಂದೇ ಸಮನೆ ಬಂದರೆ ಬೆನ್ನುಹುರಿಯ ಕೋಶಗಳೇ ಬದಲಾಗುತ್ತವೆ. ಆಮೇಲೆ ಬರೀ ಸ್ಪರ್ಶವೂ ಅವಕ್ಕೆ ನೋವಾಗಿ ಕೇಳುತ್ತದೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಸೆನ್ಸರ್ ಸರಿಯಾಗಿದೆ, ಕೆಟ್ಟಿರುವುದು ತಂತಿ ಮತ್ತು ಅದನ್ನು ಓದುವ ಪ್ರೋಗ್ರಾಂ. ಸೆನ್ಸರನ್ನು ಎಷ್ಟು ಸಲ ಬಿಚ್ಚಿ ನೋಡಿದರೂ ದೋಷ ಸಿಗುವುದಿಲ್ಲ. ಸೆರಗು ತಾಗಿದರೆ ಕೆಂಡ ಎಂದು ಅಜ್ಜಿ ಹೇಳಿದ್ದು ಹೋಲಿಕೆಯ ಮಾತಾಗಿರಲಿಲ್ಲ, ವರದಿ.

1988ರಲ್ಲಿ ಅಮೆರಿಕದ ಗ್ಯಾರಿ ಬೆನೆಟ್ ಮತ್ತು ಷಿಯೆ ಎಂಬ ಇಬ್ಬರು ಇಲಿಯ ತೊಡೆಯ ನರಕ್ಕೆ ಸಡಿಲವಾಗಿ ದಾರ ಕಟ್ಟಿ ಇಂಥದೇ ನೋವು ಬರುವಂತೆ ಮಾಡುವ ವಿಧಾನ ಕಂಡುಹಿಡಿದರು. ಕೇಳಲು ಕ್ರೂರ, ನನಗೂ ಕಸಿವಿಸಿ ಆಗುತ್ತದೆ. ಆದರೆ ಔಷಧ ಹುಡುಕುವವರಿಗೆ ಮೊದಲ ಬಾರಿಗೆ ಪರೀಕ್ಷೆ ಮಾಡಲು ಒಂದು ದಾರಿ ಸಿಕ್ಕಿತು.

ಔಷಧ ಬಂದ ದಾರಿ ಮಾತ್ರ ಬೇರೆಯೇ. ನಮ್ಮ ಮೆದುಳಿನಲ್ಲಿ ಕೋಶಗಳನ್ನು ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕ ಇದೆ. ಅದನ್ನು ಗುಳಿಗೆ ಮಾಡಿ ನುಂಗಿದರೆ ಮೆದುಳಿಗೆ ಸೇರುವುದಿಲ್ಲ. ಅದಕ್ಕೊಂದು ಇಂಗಾಲದ ಉಂಗುರ ಜೋಡಿಸಿದರೆ ಒಳಗೆ ಹೋದೀತು, ಮೂರ್ಛೆರೋಗಕ್ಕೆ ಆದೀತು ಎಂದು ಜರ್ಮನಿಯ ಫ್ರೈಬರ್ಗ್‌ನ ಒಂದು ಔಷಧ ಕಂಪನಿಯಲ್ಲಿ 1970ರ ದಶಕದಲ್ಲಿ ತಯಾರಿಸಿದರು. ಗಾಬಾಪೆಂಟಿನ್ ಎಂದು ಹೆಸರಿಟ್ಟರು. ಅದು ಒಳಗೂ ಹೋಯಿತು, ಮೂರ್ಛೆಯನ್ನೂ ತಗ್ಗಿಸಿತು, 1993ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ತಮಾಷೆ ಏನೆಂದರೆ ಗಾಬಾ ಕೆಲಸ ಮಾಡುವ ಜಾಗವನ್ನು ಅದು ಮುಟ್ಟುವುದೇ ಇಲ್ಲ. 1996ರಲ್ಲಿ ಇಂಗ್ಲೆಂಡಿನಲ್ಲಿ ಹಂದಿಯ ಮೆದುಳಿನಿಂದ ಬೇರ್ಪಡಿಸಿ ನೋಡಿದಾಗ ಅದು ಹೋಗಿ ಅಂಟಿಕೊಳ್ಳುವುದು ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಒಂದು ಭಾಗಕ್ಕೆ ಎಂದು ಗೊತ್ತಾಯಿತು. ಪೆಟ್ಟಾದ ನರದಲ್ಲಿ ಆ ಭಾಗ ಹೆಚ್ಚಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಒಂದು ಕಾರಣ ಹಿಡಿದು ಬರೆದ ಪ್ರೋಗ್ರಾಂ ಬೇರೆಯೇ ಕಾರಣಕ್ಕೆ ಕೆಲಸ ಮಾಡುವುದನ್ನು ನಾನೂ ಕಂಡಿದ್ದೇನೆ. ಅಂಥದ್ದನ್ನು ಅರ್ಥವಾಗುವ ತನಕ ಮುಟ್ಟಲು ಭಯ.

ಅಷ್ಟರಲ್ಲಿ ಕೆಲವು ವೈದ್ಯರು ಉರಿನೋವಿನ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡಿದ್ದರು. ಕಂಡದ್ದು ನಿಜವೋ ಭ್ರಮೆಯೋ ತಿಳಿಯಲು ಸರಿಯಾದ ಪರೀಕ್ಷೆ ಬೇಕು. 1998ರ ಡಿಸೆಂಬರಿನಲ್ಲಿ ಮೈಕೆಲ್ ರೋಬೋಥಮ್ ಮತ್ತು ಜೊತೆಯವರು ಸರ್ಪಸುತ್ತು ವಾಸಿಯಾದ ಮೇಲೂ ನೋವಿದ್ದ 229 ಜನರ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಬರೀ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ. ಹತ್ತಕ್ಕೆ ಎಷ್ಟು ನೋವು ಎಂದು ರೋಗಿಗಳೇ ದಿನವೂ ಬರೆಯಬೇಕು. ಎಂಟು ವಾರದಲ್ಲಿ ಔಷಧದವರ ನೋವು ಸರಾಸರಿ 6.3ರಿಂದ 4.2ಕ್ಕೆ ಇಳಿಯಿತು, ಬರೀ ಗುಳಿಗೆಯವರದು 6.5ರಿಂದ 6.0ಕ್ಕೆ. ಸಕ್ಕರೆ ಕಾಯಿಲೆಯಿಂದ ಕಾಲು ಉರಿಯುವ 165 ಜನರ ಮೇಲಿನ ಪರೀಕ್ಷೆಯೂ ಅದೇ ಸಂಚಿಕೆಯಲ್ಲಿ ಬಂತು. ಸರ್ಪಸುತ್ತಿನ ನಂತರದ ನೋವಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ.

ಸೊನ್ನೆಗೆ ಇಳಿಯಲಿಲ್ಲ ಎಂಬುದನ್ನು ಗಮನಿಸಿ. ಮುಂದೆ ಎಲ್ಲ ಪರೀಕ್ಷೆಗಳನ್ನೂ ಒಟ್ಟುಗೂಡಿಸಿ ನೋಡಿದಾಗ, ನೋವು ಅರ್ಧಕ್ಕಾದರೂ ಇಳಿದವರು ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 32, ಬರೀ ಗುಳಿಗೆಯವರಲ್ಲಿ 17. ಕೆಲವರಿಗೆ ವರ, ಹಲವರಿಗೆ ಏನೂ ಇಲ್ಲ, ಜೊತೆಗೆ ತಲೆಸುತ್ತು, ನಿದ್ದೆಮಂಪರು. ಇದನ್ನು ಮುಚ್ಚಿಟ್ಟು ಮಾರುವವರೂ ಇರುತ್ತಾರೆ. ಅನುಮತಿ ಇಲ್ಲದ ಬೇರೆ ಬೇರೆ ಕಾಯಿಲೆಗಳಿಗೆಲ್ಲ ಇದನ್ನು ಬರೆಯುವಂತೆ ವೈದ್ಯರ ಬೆನ್ನು ಹತ್ತಿದ್ದಕ್ಕೆ ಅಮೆರಿಕದಲ್ಲಿ ತಯಾರಕ ಕಂಪನಿ 2004ರಲ್ಲಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ಕಟ್ಟಬೇಕಾಯಿತು. ನಮ್ಮಜ್ಜಿಗೆ ಕೆಮ್ಮಣ್ಣು ಹಚ್ಚಿದ ವರ್ಷವೇ! ಹಚ್ಚಿದ ಹಿರಿಯರು ಒಂದು ರೂಪಾಯಿ ಮುಟ್ಟಿರಲಿಲ್ಲ, ಎಲೆಅಡಿಕೆ ಹಾಕಿಕೊಂಡು ಹೋಗಿದ್ದರು. ಇದನ್ನು ಹೇಳುವುದು ಕೆಮ್ಮಣ್ಣೇ ಸರಿ ಎಂದಲ್ಲ.

ಮೆಣಸಿನಕಾಯಿಯ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಖಾರದ ಸತ್ವವಾದ ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದರೆ ನೋವಿನ ನರ ಮಂಕಾಗುತ್ತದೆ ಎಂದು ಹಂಗೇರಿಯ ಮಿಕ್ಲೋಷ್ ಯಾಂಚೊ 1940ರ ದಶಕದಲ್ಲೇ ಗಮನಿಸಿದ್ದರು. ಖಾರ ಮುಟ್ಟುವ ಜಾಗವನ್ನು ನರದಲ್ಲಿ ಡೇವಿಡ್ ಜೂಲಿಯಸ್ 1997ರಲ್ಲಿ ಗುರುತಿಸಿದರು, 2021ರಲ್ಲಿ ನೊಬೆಲ್ ಪಡೆದವರಲ್ಲಿ ಅವರೊಬ್ಬರು. ಶೇ. 8ರ ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಸರ್ಪಸುತ್ತಿನ ನಂತರದ ನೋವಿನ ಜಾಗಕ್ಕೆ ಒಂದು ಗಂಟೆ ಅಂಟಿಸುವ ಚಿಕಿತ್ಸೆಗೆ 2009ರಲ್ಲಿ ವಿದೇಶದಲ್ಲಿ ಅನುಮತಿ ಬಂತು. ಕೈಗವಸು ಹಾಕಿ ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದು. ಯಾರೂ ಮನೆಯಲ್ಲಿ ಖಾರದಪುಡಿ ಕಲಸಬಾರದು.

ನೋವು ಉಳಿಯುವ ಮೊದಲೇ ವೈರಸ್ಸನ್ನು ಹಿಡಿಯುವ ಔಷಧ ಅಸೈಕ್ಲೋವಿರ್. ಅದು 1970ರ ದಶಕದಲ್ಲಿ ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜೊತೆಯವರ ಪ್ರಯೋಗಾಲಯದಿಂದ ಬಂತು. ಹದಿನೈದನೇ ವಯಸ್ಸಿನಲ್ಲಿ ತನ್ನ ಅಜ್ಜ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ನೋಡಿ ಈ ದಾರಿ ಹಿಡಿದ ಹೆಣ್ಣುಮಗಳು ಆಕೆ. ಪಿಎಚ್.ಡಿ. ಇರಲಿಲ್ಲ, 1988ರಲ್ಲಿ ನೊಬೆಲ್ ಬಂತು. ಈ ಔಷಧವನ್ನು ಬೊಕ್ಕೆ ಕಂಡ ಮೂರು ದಿನ, ಅಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಹುಣ್ಣು ಬೇಗ ಒಣಗುತ್ತದೆ, ಆರಂಭದ ನೋವು ತಗ್ಗುತ್ತದೆ. ಆಮೇಲಿನ ಉರಿಯನ್ನು ಇದು ಖಂಡಿತ ತಡೆಯುತ್ತದೆ ಎಂದು ಪರೀಕ್ಷೆಗಳು ಹೇಳುವುದಿಲ್ಲ, ನಾನೂ ಹೇಳಲಾರೆ. ಕಣ್ಣಿನ ಸುತ್ತ ಎದ್ದರಂತೂ ಒಂದು ದಿನವೂ ಕಾಯಬಾರದು, ದೃಷ್ಟಿಯೇ ಹೋಗಬಹುದು. ಕೆಮ್ಮಣ್ಣಿನ ಬಗ್ಗೆ ನನ್ನ ತಕರಾರು ಇಷ್ಟೇ: ಆ ಮೂರು ದಿನವನ್ನು ಅದು ತಿಂದುಹಾಕುತ್ತದೆ. ಐವತ್ತು ದಾಟಿದವರಿಗೆ ಸರ್ಪಸುತ್ತು ಬರದಂತೆ ಲಸಿಕೆಯೂ ಬಂದಿದೆ. 15,000ಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆಯಲ್ಲಿ ಶೇ. 97ರಷ್ಟು ರಕ್ಷಣೆ ಕೊಟ್ಟಿತೆಂದು 2015ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲೂ ಈಗ ಸಿಗುತ್ತದೆ, ಆದರೆ ನಮ್ಮೂರಿನ ಬಹುತೇಕ ಮನೆಗಳಿಗೆ ಎಟುಕುವ ಬೆಲೆಯಲ್ಲ. ಪ್ರಯೋಗಾಲಯದಿಂದ ಹೊರಟದ್ದು ಇನ್ನೂ ದಾರಿಯಲ್ಲೇ ಇದೆ.

2019ರಲ್ಲಿ ಅಮ್ಮ ಫೋನ್ ಮಾಡಿದಳು. "ಬೆನ್ನಲ್ಲಿ ಉರಿ ಕಣೋ, ನಾಲ್ಕು ಗುಳ್ಳೆ ಎದ್ದಿದೆ. ನಿಮ್ಮಜ್ಜಿಗೆ ಆಗಿತ್ತಲ್ಲ, ಹಂಗೇ ಐತೆ." ಯಾವಾಗಿನಿಂದ ಎಂದೆ. ನಿನ್ನೆ ಬೆಳಿಗ್ಗೆಯಿಂದ ಎಂದಳು. ಅವತ್ತೇ ಮಧ್ಯಾಹ್ನ ತಮ್ಮ ಅವಳನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ದಿನಕ್ಕೆ ಐದು ಸಲ, ಏಳು ದಿನ ಅಸೈಕ್ಲೋವಿರ್. ಮೊಬೈಲಿನಲ್ಲಿ ಐದು ಅಲಾರಂ ಇಟ್ಟುಕೊಂಡಳು. ನೆರೆಯವರ ಮಾತಿಗೆ ಕೆಮ್ಮಣ್ಣನ್ನೂ ಹಚ್ಚಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಾಗ, ಗುಳ್ಳೆ ಒಣಗುವ ತನಕ ತಡೆಯಮ್ಮ ಎಂದು ಡಾಕ್ಟರು ನಗುತ್ತಲೇ ಹೇಳಿದರಂತೆ.

ಹುಣ್ಣು ಒಣಗಿತು. ಉರಿ ಉಳಿಯಿತು, ಆದರೆ ಯಾರೂ ಮನಸ್ಸಿನದು ಎನ್ನಲಿಲ್ಲ. ರಾತ್ರಿಗೊಂದು ಗಾಬಾಪೆಂಟಿನ್ ಬರೆದುಕೊಟ್ಟರು, ಆಮೇಲೆ ಸ್ವಲ್ಪ ಹೆಚ್ಚಿಸಿದರು. ಬೆಳಿಗ್ಗೆ ತಲೆ ತೂಗುತ್ತದೆ, ಸಗಣಿ ಬಾಚಲು ಬಗ್ಗಿದರೆ ಮುಗ್ಗರಿಸುವ ಹಾಗಾಗುತ್ತದೆ ಎಂದಳು, ಅದಕ್ಕೆ ಮತ್ತೆ ಕಡಿಮೆ ಮಾಡಿದರು. ಸುಮಾರು ಎರಡೂವರೆ ತಿಂಗಳಿಗೆ ನೋವು ತಾನಾಗಿ ಹಿಂದೆ ಸರಿಯಿತು. ಮಾತ್ರೆಯಿಂದಲೋ, ಅವಳ ಅದೃಷ್ಟವೋ, ಒಬ್ಬರನ್ನೇ ನೋಡಿ ಹೇಳಲಾಗದು.

ಆ ದಿನಗಳಲ್ಲಿ ಒಂದು ಶನಿವಾರ ಊರಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಅಮ್ಮ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ಕೂತಿದ್ದಳು.

"ನಿಮ್ಮಜ್ಜಿ ಕಾಲಕ್ಕೆ ಇದು ಇರಲಿಲ್ಲ, ಅಲ್ವೇನೋ?"

"ಇತ್ತಮ್ಮ" ಎಂದೆ. "ಎರಡು ವರ್ಷ ಮುಂಚೆಯೇ ಬಂದಿತ್ತು."

ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ, ಅಜ್ಜಿ ಬಟ್ಟೆ ಅದ್ದುತ್ತಿದ್ದ ಅದೇ ಚೊಂಬಿನಲ್ಲಿ ನೀರು ತಂದು ಮಾತ್ರೆ ನುಂಗಿದಳು.